ಗಂಟನ್ನು ತರಗತಿಗೆ ತನ್ನಿ: ಸ್ವಂತ ಸಂಶೋಧನೆಯ ಮೇಲೆ ಚರ್ಚೆ ನಡೆಸಲು ವಿದ್ಯಾರ್ಥಿಗಳನ್ನು ಅಣಿಗೊಳಿಸುವ ಬಗೆ

ಪದವಿ ಕಾಲೇಜುಗಳಲ್ಲಿ ಸೆಮಿನಾರ್ ಹೆಸರಿನಲ್ಲಿ ನಡೆಯುವ ವಿಧಿ ನಮಗೆಲ್ಲ ಬಾಯಿಪಾಠ. ವಿದ್ಯಾರ್ಥಿ ಹದಿನೈದು ಸ್ಲೈಡ್ ಹಾಕುತ್ತಾನೆ. ತರಗತಿಗೆ ಬೆನ್ನು ಕೊಟ್ಟು ಪರದೆಯನ್ನು ಓದುತ್ತಾನೆ. ಕೊನೆಯ ಸ್ಲೈಡಿನಲ್ಲಿ ಗುಲಾಬಿ ಹೂವು, ಅದರ ಕೆಳಗೆ ‘ಧನ್ಯವಾದಗಳು’. ‘ಯಾರಿಗಾದರೂ ಡೌಟ್ ಇದೆಯಾ?’ ಎಂದು ಕೇಳುವಾಗ ಧ್ವನಿಯಲ್ಲಿ ‘ದೇವರೇ, ಇಲ್ಲದಿರಲಿ’ ಎಂಬ ಮೊರೆ ಇರುತ್ತದೆ. ಮೊರೆ ಫಲಿಸುತ್ತದೆ. ಚಪ್ಪಾಳೆ ಬೀಳುತ್ತದೆ, ಆಂತರಿಕ ಅಂಕ ಬೀಳುತ್ತದೆ, ಮುಂದಿನ ಹೆಸರು ಕೂಗುತ್ತೇವೆ.

ಕೋಲಾರ ಜಿಲ್ಲೆಯಲ್ಲಿ ಇತಿಹಾಸ ಪಾಠ ಮಾಡುತ್ತಾ ನಾನೂ ಬಹಳ ವರ್ಷ ಹೀಗೇ ಹೆಸರು ಕೂಗಿದ್ದೇನೆ. ಹುಡುಗರಿಗೆ ಮಾತು ಬರುವುದಿಲ್ಲ ಎಂದು ಅಧ್ಯಾಪಕರ ಕೊಠಡಿಯಲ್ಲಿ ಗೊಣಗಿದ್ದೂ ಇದೆ. ಅದೇ ಹುಡುಗರು ಕ್ಯಾಂಟೀನಿನಲ್ಲಿ ಗಂಟೆಗಟ್ಟಲೆ ವಾದ ಮಾಡುತ್ತಿದ್ದರು. ತೊಡಕು ಅವರ ನಾಲಿಗೆಯಲ್ಲಿರಲಿಲ್ಲ, ನಾವು ಅವರ ಕೈಗೆ ಕೊಟ್ಟ ಕೆಲಸದಲ್ಲಿತ್ತು. ನಾವು ಕೇಳಿದ್ದು ತೀರ್ಮಾನಗಳನ್ನು ಒಪ್ಪಿಸು ಎಂದು. ತೀರ್ಮಾನವಾಗಿ ಹೋದದ್ದರ ಮೇಲೆ ಚರ್ಚೆ ಮಾಡಿ ಎಂದರೆ ಮದುವೆ ಮುಗಿದ ಮೇಲೆ ಜಾತಕ ನೋಡಿ ಎಂದ ಹಾಗೆ. ಸಂಶೋಧನೆ ಮಾಡಿದವರಿಗೇ ಬಿಡಿಸಲಾಗದೆ ಉಳಿದ ಒಂದು ಗಂಟು ಇರುತ್ತದಲ್ಲ, ಅದನ್ನು ತರಗತಿಗೆ ತರಲು ಕಲಿಸಿದರೆ ಉಳಿದ ಕೌಶಲಗಳು ಹೇಗೋ ಹಿಂದೆ ಬರುತ್ತವೆ. ಈ ಮಾರ್ಗದರ್ಶಿ ಆ ಗಂಟಿನಿಂದಲೇ ಶುರುವಾಗುತ್ತದೆ.

ಹಂತ 1: ಬೈಂಡಿಂಗ್‌ಗೆ ಮೊದಲು ಚರ್ಚೆ ಇಡಿ

ಪ್ರಾಜೆಕ್ಟ್ ವರದಿ ಬೈಂಡ್ ಆಗಿ ಚಿನ್ನದ ಅಕ್ಷರದ ರಟ್ಟು ಹೊತ್ತ ಮೇಲೆ ವಿದ್ಯಾರ್ಥಿ ಅದರ ವಕೀಲನಾಗುತ್ತಾನೆ. ಆಮೇಲೆ ಬರುವ ಪ್ರಶ್ನೆಗಳೆಲ್ಲ ಅವನಿಗೆ ದಾಳಿಗಳು. ಹದಿನಾರು ವಾರಗಳ ಸೆಮಿಸ್ಟರ್ ಆದರೆ ಒಂಬತ್ತು ಅಥವಾ ಹತ್ತನೆಯ ವಾರ ಸರಿಯಾದ ಹೊತ್ತು: ಕ್ಷೇತ್ರಕಾರ್ಯ ಬಹುಪಾಲು ಮುಗಿದಿರುತ್ತದೆ, ಬರವಣಿಗೆ ಅರ್ಧದಲ್ಲಿರುತ್ತದೆ, ತಿದ್ದಲು ಜಾಗ ಉಳಿದಿರುತ್ತದೆ. ವೇಳಾಪಟ್ಟಿಯಲ್ಲಿ ಇದೊಂದು ಬದಲಾವಣೆ ಮಾಡಿಕೊಳ್ಳದೆ ಮುಂದಿನದ್ದನ್ನೆಲ್ಲ ಮಾಡಿದರೂ ಪ್ರಯೋಜನ ಕಡಿಮೆ.

ಹಂತ 2: ಗಂಟು ಹುಡುಕುವುದು

ಪ್ರತಿ ವಿದ್ಯಾರ್ಥಿಯೊಂದಿಗೂ ಅರ್ಧ ಗಂಟೆ ಕೂರಬೇಕು. ವರದಿಯ ಕರಡನ್ನು ಪಕ್ಕಕ್ಕಿಟ್ಟು ಕ್ಷೇತ್ರಕಾರ್ಯದ ನೋಟ್ ಪುಸ್ತಕವನ್ನು ತೆಗೆಸಿ. ಕರಡಿನಲ್ಲಿ ಎಲ್ಲವೂ ಬಾಚಿ ಜಡೆ ಹೆಣೆದಿರುತ್ತದೆ. ಸಿಕ್ಕು ಇರುವುದು ನೋಟ್ ಪುಸ್ತಕದಲ್ಲಿ.

‘ನಿನ್ನ ಸಂಶೋಧನೆಯ ಸಮಸ್ಯೆ ಏನು?’ ಎಂದು ಕೇಳಿದರೆ ಪುಸ್ತಕದ ಉತ್ತರ ಬರುತ್ತದೆ. ನಾನು ಕೇಳುವುದು ಇಂಥವನ್ನು: ಊರಿಂದ ವಾಪಸು ಬರುವಾಗ ಬಸ್ಸಿನಲ್ಲಿ ಕೂತು ಏನು ಯೋಚಿಸುತ್ತಿದ್ದೆ? ಯಾವ ಮಾತನ್ನು ಬರೆದುಕೊಂಡು ಆಮೇಲೆ ಎಲ್ಲಿ ಹಾಕಬೇಕೆಂದು ತೋಚದೆ ಬಿಟ್ಟೆ? ನನಗೆ ತೋರಿಸಿದರೆ ಬೈಯುತ್ತಾರೆ ಎಂದು ಮುಚ್ಚಿಟ್ಟದ್ದು ಏನಾದರೂ ಇದೆಯೇ?

ಮೂರನೆಯ ಪ್ರಶ್ನೆಗೆ ಸಿಕ್ಕ ಒಂದು ಉತ್ತರವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ, ಮುಂದೆಯೂ ಅದೇ ಉದಾಹರಣೆಗೆ ಬರುತ್ತಿರುತ್ತೇನೆ. ಒಬ್ಬ ವಿದ್ಯಾರ್ಥಿನಿ ತನ್ನ ಊರಿನ ಕೆರೆ ಮತ್ತು ನೀರುಗಂಟಿಗಳ ಬಗ್ಗೆ ಕೆಲಸ ಮಾಡುತ್ತಿದ್ದಳು. ಕೆರೆಯ ತೂಬು ಎತ್ತಿ ಇಳಿಸಿ, ಕಾಲುವೆ ಕಾಯ್ದು, ಅಚ್ಚುಕಟ್ಟಿನ ಗದ್ದೆಗಳಿಗೆ ನೀರು ಹಾಯಿಸುವವನು ನೀರುಗಂಟಿ. ನಮ್ಮ ಭಾಗದಲ್ಲಿ ಇದು ಹೆಚ್ಚಾಗಿ ದಲಿತ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದ ಕೆಲಸ. ಇಂಥ ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ತೆಗೆದುಹಾಕಿತು. ಹುದ್ದೆ ಹೋದರೂ ಕೆಲಸ ಎಷ್ಟೋ ಊರುಗಳಲ್ಲಿ ಮುಂದುವರಿಯಿತು. ಆಕೆಯ ಕರಡಿನಲ್ಲಿ ಒಂದು ಅಚ್ಚುಕಟ್ಟಾದ ವಾಕ್ಯವಿತ್ತು: ನೀರು ಕಡಿಮೆಯಾದ ವರ್ಷ ದಾಮಾಷಾ ಪದ್ಧತಿಯಂತೆ, ಪ್ರತಿಯೊಬ್ಬರೂ ತಮ್ಮ ಹಿಡುವಳಿಗೆ ತಕ್ಕಷ್ಟು ಪಾಲನ್ನು ಮಾತ್ರ ನಾಟಿ ಮಾಡಿ, ಇದ್ದ ನೀರನ್ನು ಎಲ್ಲರೂ ಹಂಚಿಕೊಳ್ಳುತ್ತಿದ್ದರು. ಹೇಳಿದವರು ಊರಿನ ಒಬ್ಬ ಹಿರಿಯ ರೈತರು.

ನೋಟ್ ಪುಸ್ತಕ ತಿರುಗಿಸುತ್ತಾ ಹೋದಾಗ ನೀರುಗಂಟಿ ಮನೆತನದ ಅಜ್ಜಿಯೊಬ್ಬರ ಮಾತು ಸಿಕ್ಕಿತು. ‘ತೂಬು ಎತ್ತುವ ಕೈ ನಮ್ಮದು, ಎತ್ತು ಎನ್ನುವ ಬಾಯಿ ಅವರದು.’ ಪಕ್ಕದಲ್ಲಿ ಪೆನ್ಸಿಲಿನ ಪ್ರಶ್ನಾರ್ಥಕ ಚಿಹ್ನೆ.

‘ಇದನ್ನು ಯಾವ ಅಧ್ಯಾಯದಲ್ಲಿ ಹಾಕಿದ್ದೀಯಮ್ಮ?’

‘ಹಾಕಿಲ್ಲ ಸರ್. ಹಾಕಿದರೆ ಮೂರನೇ ಅಧ್ಯಾಯವೇ ಕೆಟ್ಟುಹೋಗುತ್ತದೆ.’

ಗಂಟು ಎಂದರೆ ಇದು. ಹಾಕಿದರೆ ಅಧ್ಯಾಯ ಕೆಡುವ ಮಾತು.

ಎಲ್ಲರ ನೋಟ್ ಪುಸ್ತಕದಲ್ಲೂ ಇಷ್ಟು ಚೂಪಾದದ್ದು ಸಿಗುವುದಿಲ್ಲ. ಆದರೆ ಒಂದೇ ಸಂಗತಿಗೆ ಎರಡು ಕಾರಣ ಹೊಂದುವಂತಿದ್ದರೆ ಅದೂ ಗಂಟೇ. ಊರಿನವರು ದೇವರೆಂದು ಅರಿಸಿನ ಹಚ್ಚಿ ಪೂಜಿಸುತ್ತಿರುವ ಕಲ್ಲನ್ನು ವಿದ್ಯಾರ್ಥಿ ವೀರಗಲ್ಲು ಎಂದು ಗುರುತಿಸಿದರೆ ಅದೂ ಒಳ್ಳೆಯ ಗಂಟು: ವರದಿಯಲ್ಲಿ ಅದನ್ನು ಏನೆಂದು ಕರೆಯುವುದು? ಪುಸ್ತಕ ಸಿಗಲಿಲ್ಲ, ಗ್ರಾಮ ಲೆಕ್ಕಿಗರು ಪಹಣಿ ತೋರಿಸಲಿಲ್ಲ, ಸಮಯ ಸಾಲಲಿಲ್ಲ ಎನ್ನುವವು ಗಂಟುಗಳಲ್ಲ, ಬರೀ ಕಷ್ಟಗಳು. ಅವುಗಳ ಮೇಲೆ ಸಹಾನುಭೂತಿ ಹುಟ್ಟೀತು, ಚರ್ಚೆ ಹುಟ್ಟದು.

ಹಂತ 3: ಒಂದೇ ಪುಟ

ಸ್ಲೈಡ್‌ಗಳನ್ನು ನಾನು ನಿಲ್ಲಿಸಿಬಿಟ್ಟಿದ್ದೇನೆ. ಪರದೆ ಬೆಳಗಿದರೆ ತರಗತಿ ಸಿನಿಮಾ ನೋಡುವ ಭಂಗಿಗೆ ಇಳಿಯುತ್ತದೆ. ಬದಲಿಗೆ ಪ್ರತಿಯೊಬ್ಬರ ಕೈಗೂ ಒಂದು ಹಾಳೆ. ಅದರಲ್ಲಿ ಇರಬೇಕಾದದ್ದು ಸಂಶೋಧನೆಯ ಹಸಿ ಸಾಮಗ್ರಿ. ಸಂಶೋಧಕಿಯ ಅಭಿಪ್ರಾಯಕ್ಕೆ ಅಲ್ಲಿ ಜಾಗವಿಲ್ಲ. ಆ ವಿದ್ಯಾರ್ಥಿನಿಯ ಹಾಳೆಯಲ್ಲಿ ಇದ್ದದ್ದು ಇಷ್ಟು: ಆಕೆಯೇ ಕೈಯಲ್ಲಿ ಬರೆದ ಕೆರೆಯ ನಕ್ಷೆ (ಏರಿ, ಎರಡು ತೂಬು, ಕೋಡಿ, ಯಾರ ಗದ್ದೆ ಎಲ್ಲಿ ಎನ್ನುವುದರ ಒರಟು ಗುರುತು), ರೈತರ ಮಾತು, ಅಜ್ಜಿಯ ಮಾತು, 1961ರ ಕಾಯ್ದೆಯ ಬಗ್ಗೆ ಎರಡು ಸಾಲು. ಪ್ರಸ್ತಾವನೆ ಇಲ್ಲ, ಉದ್ದೇಶಗಳು ಇಲ್ಲ, ‘ಕೆರೆಗಳು ನಮ್ಮ ಸಂಸ್ಕೃತಿಯ ಜೀವನಾಡಿ’ ಎಂಬ ವಾಕ್ಯವಂತೂ ಇಲ್ಲವೇ ಇಲ್ಲ.

ಹಾಳೆಗೆ ಹೋಗುವ ಮಾತುಗಳಿಂದ ಹೆಸರು ತೆಗೆಸಿ. ಆದರೂ ಸಾಲದು. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಅದೇ ಊರಿನ, ಅದೇ ಬೀದಿಯ ಇನ್ನೊಬ್ಬರು ಕೂತಿರುತ್ತಾರೆ. ನಕ್ಷೆ ನೋಡಿದ ಕೂಡಲೇ ಅವರಿಗೆ ಮನೆ ಗೊತ್ತಾಗುತ್ತದೆ. ಆದ್ದರಿಂದ ಮಾತು ಕೊಟ್ಟವರ ಹತ್ತಿರ ಮತ್ತೆ ಹೋಗಿ, ‘ಇದನ್ನು ನಮ್ಮ ಕ್ಲಾಸಿನಲ್ಲಿ ಹೇಳಬಹುದೇ?’ ಎಂದು ಕೇಳಿ ಬರಬೇಕು. ಮೊದಲು ಕೊಟ್ಟ ಒಪ್ಪಿಗೆ ವರದಿಗೆ, ಇದು ಬೇರೆ. ಅಜ್ಜಿ ನಕ್ಕು ‘ಧಾರಾಳವಾಗಿ ಹೇಳು’ ಎಂದರಂತೆ. ಬೇಡ ಎಂದಿದ್ದರೆ ಬೇರೆ ಗಂಟು ಹುಡುಕುತ್ತಿದ್ದೆವು.

ಹಾಳೆಯನ್ನು ಎರಡು ದಿನ ಮೊದಲೇ ವಾಟ್ಸಾಪ್ ಗುಂಪಿಗೆ ಹಾಕಿಸಿ, ಯಾರೂ ಓದಿಲ್ಲ ಎಂದೇ ಇಟ್ಟುಕೊಂಡು ಜೆರಾಕ್ಸ್ ಕೂಡ ಮಾಡಿಸಿ.

ಹಂತ 4: ಹತ್ತು ಪ್ರಶ್ನೆ ಬರೆದು ಏಳನ್ನು ಹೊಡೆದುಹಾಕುವುದು

ಮಕ್ಕಳು ಹದಿನೈದು ವರ್ಷ ಪ್ರಶ್ನೆಪತ್ರಿಕೆ ನೋಡಿ ಬಂದವರು. ಹಾಗಾಗಿ ಅವರು ಬರೆಯುವ ಮೊದಲ ಪ್ರಶ್ನೆ ಐದು ಅಂಕದ್ದೇ ಆಗಿರುತ್ತದೆ. ಈಕೆ ಬರೆದದ್ದು: ‘ನೀರುಗಂಟಿ ಪದ್ಧತಿಯ ಮಹತ್ವವನ್ನು ತಿಳಿಸಿ.’ ಹೊಡೆದೆವು. ಎರಡನೆಯದು: ‘ಹಿಂದಿನ ನೀರು ಹಂಚಿಕೆ ನ್ಯಾಯವಾಗಿತ್ತೇ?’ ಇದಕ್ಕೆ ಹೌದು, ಇಲ್ಲ ಎಂದು ಎರಡು ಪಕ್ಷಗಳಾಗಿ ಚರ್ಚಾಸ್ಪರ್ಧೆ ಶುರುವಾಗುತ್ತದೆ. ಚರ್ಚಾಸ್ಪರ್ಧೆಯಲ್ಲಿ ಗೆಲ್ಲಬೇಕು, ಇಲ್ಲಿ ತಿಳಿಯಬೇಕು. ಅದನ್ನೂ ಹೊಡೆದೆವು. ಆರನೆಯ ಪ್ರಯತ್ನದಲ್ಲಿ ಬಂದದ್ದು: ‘ಈ ಎರಡು ಮಾತುಗಳೂ ಒಂದೇ ಕೆರೆಯ ಬಗ್ಗೆ. ಎರಡೂ ನಿಜವಾಗಿರಲು ಸಾಧ್ಯವೇ? ಹೇಗೆ?’

ಇದು ಉಳಿಯಿತು. ಉಳಿಸಿಕೊಳ್ಳಲು ನಾನು ಹೇಳಿಕೊಡುವ ಒರೆಗಲ್ಲು ಒಂದೇ: ಉತ್ತರ ನಿನಗೆ ಮೊದಲೇ ಗೊತ್ತಿದ್ದರೆ ಆ ಪ್ರಶ್ನೆಯನ್ನು ಕೇಳಬೇಡ. ಉತ್ತರ ಗೊತ್ತಿದ್ದು ಕೇಳುವವರು ಪರೀಕ್ಷಕರು, ತರಗತಿ ಅದನ್ನು ಒಂದೇ ಕ್ಷಣದಲ್ಲಿ ಮೂಸಿ ಹಿಡಿಯುತ್ತದೆ.

ಇನ್ನೊಂದು ಉದಾಹರಣೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಇಲ್ಲಿಗೆ ಮುಟ್ಟಿದ್ದು 2018ರಲ್ಲಿ. ದಿನಕ್ಕೆ 44 ಕೋಟಿ ಲೀಟರ್ ಹರಿಸುವ ಲೆಕ್ಕದಲ್ಲಿ ಕಟ್ಟಿದ ಯೋಜನೆ ಅದು. ಅದರ ಬಗ್ಗೆ ‘ಈ ನೀರು ಒಳ್ಳೆಯದೋ ಕೆಟ್ಟದ್ದೋ?’ ಎಂದು ಕೇಳಿದರೆ ಬಸ್ ನಿಲ್ದಾಣದ ಜಗಳವೇ ತರಗತಿಗೆ ಬರುತ್ತದೆ. ಒಬ್ಬ ವಿದ್ಯಾರ್ಥಿ ಅದನ್ನು ತಿದ್ದಿಕೊಂಡದ್ದು ಹೀಗೆ: ‘ನಾನು ಮಾತಾಡಿಸಿದ ರೈತರು ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿದೆ ಎನ್ನುತ್ತಾರೆ. 2021ರ ನವೆಂಬರಿನಲ್ಲಿ ಇಲ್ಲಿ ಭಾರಿ ಮಳೆಯೂ ಆಯಿತು. ಯಾವುದರಿಂದ ಎಷ್ಟು ಎಂದು ಬೇರ್ಪಡಿಸಲು ನಾನು ಇನ್ನು ಯಾರನ್ನು, ಏನು ಕೇಳಬೇಕು?’ ತರಗತಿ ಆ ದಿನ ಅವನಿಗೆ ಮೂರು ಉಪಾಯ ಕೊಟ್ಟಿತು. ಕೆ.ಸಿ. ವ್ಯಾಲಿ ನೀರು ಬಾರದ, ಆದರೆ ಮಳೆ ಅಷ್ಟೇ ಬಿದ್ದ ಪಕ್ಕದ ಊರಿಗೆ ಹೋಗಿ ಕೇಳು ಎನ್ನುವುದು ಅದರಲ್ಲೊಂದು. ಸಂಶೋಧನಾ ವಿಧಾನದ ಪಾಠದಲ್ಲಿ ನಾನು ಎರಡು ವಾರ ಒದ್ದಾಡಿದರೂ ತಲೆಗೆ ಹತ್ತಿಸಲಾಗದ ಸಂಗತಿ ಅದು.

ಕೊನೆಗೆ ಮೂರು ಪ್ರಶ್ನೆ ಉಳಿಯಲಿ. ಮೊದಲನೆಯದು ಹಾಳೆ ನೋಡಿ ಯಾರು ಬೇಕಾದರೂ ಹೇಳಬಲ್ಲದ್ದು (‘ನಕ್ಷೆಯಲ್ಲಿ ತೂಬಿಗೆ ಹತ್ತಿರ ಯಾರ ಗದ್ದೆಗಳಿವೆ?’), ನಡುವಿನದು ಗಂಟು, ಕೊನೆಯದು ‘ನನ್ನ ಜಾಗದಲ್ಲಿ ನೀವಿದ್ದರೆ ಏನು ಬರೆಯುತ್ತಿದ್ದಿರಿ?’ ಎನ್ನುವ ಬಗೆಯದು.

ಹಂತ 5: ತಾಲೀಮು

ನಾಲ್ಕು ಗೆಳೆಯರನ್ನು ಸೇರಿಸಿ, ಇಪ್ಪತ್ತು ನಿಮಿಷ. ನಾಲ್ವರಿಗೂ ಗುಟ್ಟಾಗಿ ಒಂದೊಂದು ಪಾತ್ರ: ಒಬ್ಬ ತುಟಿ ಬಿಚ್ಚಬಾರದು, ಒಬ್ಬ ಮಾತು ನಿಲ್ಲಿಸಬಾರದು, ಒಬ್ಬ ವಿಷಯ ಬಿಟ್ಟು ಕ್ರಿಕೆಟ್ಟಿಗೆ ಹೋಗಬೇಕು, ಒಬ್ಬ ಪ್ರತಿ ಪ್ರಶ್ನೆಗೂ ‘ನೀನೇ ಹೇಳು’ ಎನ್ನಬೇಕು. ನಗು ಬರುತ್ತದೆ, ಬರಲಿ. ನಿಜವಾದ ತರಗತಿಯಲ್ಲಿ ಈ ನಾಲ್ವರೂ ಇರುತ್ತಾರೆ.

ಇಲ್ಲಿ ಕಲಿಯಬೇಕಾದದ್ದರಲ್ಲಿ ತೀರಾ ಕಷ್ಟದ್ದು ಸುಮ್ಮನಿರುವುದು. ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದರು: ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡ್ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಹಿಂದೆ ಬಾಯಿ ಬಿಡದವರೂ ಮಾತಾಡಿದರು. ಮೂರು ಸೆಕೆಂಡ್ ಓದಲು ಸಣ್ಣದು; ಐವತ್ತು ಜನರ ಎದುರು ನಿಂತವಳಿಗೆ ಅದು ಯುಗ. ಅದಕ್ಕೆ ಒಂದು ಉಪಾಯ: ಪ್ರಶ್ನೆ ಕೇಳಿದ ಮೇಲೆ ಬಾಟಲಿ ಬಿಚ್ಚಿ ನೀರು ಕುಡಿ. ಬಾಯಲ್ಲಿ ನೀರಿದ್ದಾಗ ತಾನೇ ಉತ್ತರ ಹೇಳಿಬಿಡಲು ಆಗುವುದಿಲ್ಲ.

ನಾನು ಪುತ್ತೂರಿನ ಕಡೆಯವನು, ತಾಳಮದ್ದಳೆ ಕೇಳಿ ಬೆಳೆದವನು. ಯಕ್ಷಗಾನದ್ದೇ ಮಾತಿನ ರೂಪ ಅದು: ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ್ಯ ಮುಗಿದ ಮೇಲೆ ಕೂತಲ್ಲೇ ಅರ್ಥ ಹೇಳಬೇಕು. ಒಳ್ಳೆಯ ಅರ್ಥಧಾರಿ ತನ್ನ ಮಾತಿನ ಕೊನೆಯಲ್ಲಿ ಎದುರು ಪಾತ್ರಕ್ಕೆ ಹಿಡಿಯಲು ಒಂದು ಎಳೆ ಬಿಟ್ಟು ನಿಲ್ಲಿಸುತ್ತಾನೆ. ಎಷ್ಟೇ ಪಾಂಡಿತ್ಯವಿದ್ದರೂ ಆ ಎಳೆ ಬಿಡದವನ ಬಗ್ಗೆ ಮನೆಗೆ ಹೋಗುವ ದಾರಿಯಲ್ಲಿ ಹಿರಿಯರು ‘ಎದುರಿನವರಿಗೆ ಎಡೆಯೇ ಕೊಡಲಿಲ್ಲ’ ಎಂದು ಬೈಯುತ್ತಿದ್ದರು. ಚರ್ಚೆ ನಡೆಸುವ ವಿದ್ಯಾರ್ಥಿಗೆ ನಾನು ಕೊಡುವ ಮಾತುಗಳೆಲ್ಲ ಎಡೆ ಕೊಡುವ ಮಾತುಗಳೇ: ‘ಹಾಳೆಯ ಯಾವ ಸಾಲು ನೋಡಿ ಹಾಗೆ ಅನ್ನಿಸಿತು?’ ‘ಅವರು ಹೇಳಿದ್ದಕ್ಕೂ ನೀವು ಹೇಳುತ್ತಿರುವುದಕ್ಕೂ ವ್ಯತ್ಯಾಸವಿದೆಯಲ್ಲ?’ ‘ಇದು ನನಗೆ ಹೊಳೆದಿರಲಿಲ್ಲ, ಇನ್ನೊಂದು ಸಲ ಹೇಳಿ, ಬರೆದುಕೊಳ್ಳುತ್ತೇನೆ.’ ಕೊನೆಯದರ ಬೆಲೆ ದೊಡ್ಡದು. ತನ್ನ ಮಾತನ್ನು ಇನ್ನೊಬ್ಬರು ಬರೆದುಕೊಳ್ಳುವುದನ್ನು ಹಿಂದಿನ ಬೆಂಚಿನವನು ಜೀವನದಲ್ಲಿ ಅದೇ ಮೊದಲು ನೋಡುತ್ತಿರಬಹುದು.

‘ವೆರಿ ಗುಡ್’ ಎನ್ನುವುದನ್ನು ಬಿಡಿಸಿ. ಅದು ಮೇಷ್ಟ್ರ ಮಾತು, ಮುಂದಿನವರ ಬಾಯಿ ಕಟ್ಟುತ್ತದೆ.

ಹಂತ 6: ಕೇಳುವವರನ್ನೂ ತಯಾರು ಮಾಡಿ

ನಡೆಸುವವರಿಗೆ ಮಾತ್ರ ತರಬೇತಿ ಕೊಟ್ಟು ಕೂತವರನ್ನು ಮರೆಯುವುದು ನಾನು ಎರಡು ವರ್ಷ ಮಾಡಿದ ತಪ್ಪು. ಈಗ ಮೊದಲ ಚರ್ಚೆಯನ್ನು ನನ್ನದೇ ಅರೆಬರೆ ಬರಹದ ಮೇಲೆ ನಾನೇ ನಡೆಸುತ್ತೇನೆ. ಮೇಷ್ಟ್ರಿಗೂ ಬಿಡಿಸಲಾಗದ್ದು ಇರುತ್ತದೆ ಎಂದು ಕಂಡ ಮೇಲೆ ಮಕ್ಕಳ ಬೆನ್ನು ಸಡಿಲವಾಗುತ್ತದೆ. ಜೊತೆಗೆ ನಮ್ಮ ಶಾಸ್ತ್ರಗ್ರಂಥಗಳ ಒಂದು ಶಿಸ್ತನ್ನು ಎರವಲು ತಂದಿದ್ದೇನೆ: ಪೂರ್ವಪಕ್ಷ. ಯಾರನ್ನಾದರೂ ಒಪ್ಪದೆ ಮಾತಾಡುವ ಮುನ್ನ ಅವರು ಹೇಳಿದ್ದನ್ನು ಅವರು ತಲೆಯಾಡಿಸುವಷ್ಟು ಸರಿಯಾಗಿ ಹೇಳಬೇಕು. ತಲೆಯಾಡದಿದ್ದರೆ ಮತ್ತೆ ಹೇಳಬೇಕು. ಗದ್ದಲ ಅರ್ಧ ಇಳಿಯುತ್ತದೆ.

ಹಂತ 7: ಆ ದಿನ

ಬೆಂಚುಗಳನ್ನು ಸರಿಸಲು ಬಂದರೆ ವೃತ್ತವಾಗಿ ಇಡಿ. ನೆಲಕ್ಕೆ ಮೊಳೆ ಹೊಡೆದ ಬೆಂಚುಗಳಾದರೆ ಗ್ರಂಥಾಲಯದ ಮುಂದಿನ ಜಗಲಿಯೋ ಹೊಂಗೆ ಮರದ ನೆರಳೋ ಸಾಕು. ತರಗತಿ ಎಪ್ಪತ್ತು ಜನರದ್ದಾದರೆ ಹದಿನೈದು ಜನರ ಒಳಸುತ್ತು ಮಾತಾಡಲಿ, ಹೊರಸುತ್ತು ಕೇಳಿ ಬರೆದುಕೊಳ್ಳಲಿ, ಅರ್ಧಕ್ಕೆ ಅದಲುಬದಲಾಗಲಿ.

ಐವತ್ತೈದು ನಿಮಿಷದ ಪಿರಿಯಡ್‌ನಲ್ಲಿ ಹಾಜರಿ ಹೋಗಿ ಐವತ್ತು ಉಳಿಯುತ್ತದೆ. ಸಂಶೋಧಕಿ ಐದು ನಿಮಿಷ ಮಾತ್ರ ಮಾತಾಡಬೇಕು: ಎಲ್ಲಿಗೆ ಹೋಗಿದ್ದೆ, ಯಾರನ್ನು ಕಂಡೆ, ಎಲ್ಲಿ ಸಿಕ್ಕಿಕೊಂಡೆ. ಆಮೇಲೆ ಐದು ನಿಮಿಷ ಎಲ್ಲರೂ ಮೌನವಾಗಿ ಹಾಳೆ ಓದಿ ಪೆನ್ಸಿಲಿನಲ್ಲಿ ಗೆರೆ ಎಳೆಯಬೇಕು. ಉಳಿದದ್ದು ಚರ್ಚೆಗೆ, ಅದರಲ್ಲಿ ಕೊನೆಯ ಐದು ನಿಮಿಷವನ್ನು ಯಾವುದಕ್ಕೂ ಬಿಟ್ಟುಕೊಡಬೇಡಿ. ಆಗ ಆಕೆ ತಾನು ಬರೆದುಕೊಂಡದ್ದನ್ನು ಓದಿ ಹೇಳುತ್ತಾಳೆ.

ನಿಮ್ಮ ಜಾಗ ಯಾವುದು? ಆಕೆಯ ಕಣ್ಣಿಗೆ ಬೀಳದ ಕಡೆ, ಹಿಂದೆ, ಬದಿಯಲ್ಲಿ. ಎದುರು ಕೂತರೆ ಪ್ರತಿ ಉತ್ತರದ ನಂತರವೂ ಇಡೀ ತರಗತಿ ನಿಮ್ಮ ಮುಖ ನೋಡುತ್ತದೆ, ನೀವು ಹುಬ್ಬು ಎತ್ತಿದರೂ ತೀರ್ಪು ಬಂದ ಹಾಗೆ. ಕೈಗೆ ಕೆಲಸ ಬೇಕಾದರೆ ಹಾಳೆಯಲ್ಲಿ ವೃತ್ತ ಬರೆದು ಯಾರ ಮಾತು ಯಾರ ಕಡೆ ಹೋಯಿತು ಎಂದು ಗೆರೆ ಎಳೆಯುತ್ತಾ ಕೂರಿ. ಗೆರೆಗಳೆಲ್ಲ ನಡೆಸುವವಳ ಕಡೆಗೇ ಓಡುತ್ತಿದ್ದರೆ ಅದಿನ್ನೂ ಪ್ರಶ್ನೋತ್ತರ. ಕೂತವರ ನಡುವೆ ಅಡ್ಡಡ್ಡ ಗೆರೆ ಬೀಳಲು ಶುರುವಾದರೆ ಚರ್ಚೆ ಹತ್ತಿತು ಎಂದು ಲೆಕ್ಕ.

ಎಡವುವ ಜಾಗಗಳು

ಮೌನ ಒಂದು ನಿಮಿಷ ದಾಟಿದರೆ ‘ಪಕ್ಕದವರೊಡನೆ ಎರಡು ನಿಮಿಷ ಮಾತಾಡಿ’ ಎನ್ನಿಸಿ; ಇಬ್ಬರ ನಡುವೆ ಹುಟ್ಟಿದ ಮಾತು ಐವತ್ತು ಜನರ ಮುಂದೆ ಬರಲು ಅಷ್ಟು ಅಂಜುವುದಿಲ್ಲ. ಯಾರಾದರೂ ಸಂಗತಿಯನ್ನೇ ತಪ್ಪಾಗಿ ಹೇಳಿದರೆ ನಾಲಿಗೆ ಕಚ್ಚಿಕೊಂಡು ಕಾಯಿರಿ. ಹತ್ತರಲ್ಲಿ ಏಳು ಸಲ ಇನ್ನೊಬ್ಬ ವಿದ್ಯಾರ್ಥಿಯೇ ತಿದ್ದುತ್ತಾನೆ.

ಆದರೆ ಕಾಯಬಾರದ ಸಂದರ್ಭವೂ ಇದೆ. ಕೆರೆಯ ಚರ್ಚೆಯ ನಡುವೆ ಒಬ್ಬ ಹುಡುಗ, ‘ಆ ಕಾಲದಲ್ಲಿ ಅವರು ಹೇಳಿದ ಕೆಲಸ ಮಾಡಿಕೊಂಡು ಚೆನ್ನಾಗಿಯೇ ಇದ್ದರು’ ಎಂದ. ‘ಅವರು’ ಎಂದರೆ ಯಾರೆಂದು ಎಲ್ಲರಿಗೂ ಗೊತ್ತಿತ್ತು. ಆ ಮನೆತನಗಳ ಮಕ್ಕಳು ಅದೇ ವೃತ್ತದಲ್ಲಿದ್ದರು. ನಾನು ಎದ್ದೆ. ಅಷ್ಟರಲ್ಲಿ ಆಕೆ ಕೇಳಿದ್ದಳು: ‘ಹಾಳೆಯ ಯಾವ ಸಾಲು ನೋಡಿ ಹಾಗೆ ಅನ್ನಿಸಿತು?’ ಹುಡುಗ ಹಾಳೆ ನೋಡಿದ, ಮತ್ತೆ ನೋಡಿದ, ‘ಇದರಲ್ಲಿಲ್ಲ, ನಮ್ಮ ಮನೆಯಲ್ಲಿ ಹೇಳುತ್ತಿದ್ದರು’ ಎಂದ. ‘ಹಾಗಾದರೆ ಅದನ್ನೂ ಒಂದು ಹೇಳಿಕೆ ಎಂದು ಬರೆದುಕೊಳ್ಳುತ್ತೇನೆ. ಯಾರ ಮನೆಯಲ್ಲಿ ಕೂತು ಹೇಳಿದ್ದು ಎಂದೂ ಬರೆಯುತ್ತೇನೆ’ ಎಂದಳು ಆಕೆ. ನಾನು ಕೂತೆ. ಆಕೆ ಹಾಗೆ ಕೇಳದೆ ಹೋಗಿದ್ದರೆ ಚರ್ಚೆಯನ್ನು ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು, ನಿಲ್ಲಿಸುತ್ತಿದ್ದೆ. ಜಾತಿ ಬರುವ ವಿಷಯವೇ ಬೇಡ ಎನ್ನುವ ಸಹೋದ್ಯೋಗಿಗಳು ನನಗಿದ್ದಾರೆ. ಜಾತಿಯನ್ನು ಬಿಟ್ಟು ನಮ್ಮ ಊರುಗಳ ಯಾವ ಕೆರೆಯ ಇತಿಹಾಸ ಬರೆಯುತ್ತಾರೋ ನನಗೆ ತಿಳಿಯದು. ಆದರೆ ಇಂಥ ಗಂಟನ್ನು ಸೆಮಿಸ್ಟರಿನ ಮೊದಲ ಚರ್ಚೆಗೆ ಇಡಬೇಡಿ. ತರಗತಿಗೆ ಮೂರ್ನಾಲ್ಕು ಚರ್ಚೆಗಳ ಅಭ್ಯಾಸವಾದ ಮೇಲೆ ಇಡಿ, ಮತ್ತು ಯಾರನ್ನೂ ‘ನಿಮ್ಮವರ ಅನುಭವ ಹೇಳಿ’ ಎಂದು ಎಬ್ಬಿಸಬೇಡಿ.

ಹಂತ 8: ಅಂಕ ಮತ್ತು ಆಮೇಲಿನ ಪುಟ

ಮಾತಿನ ಚೆಲುವಿಗೆ ಅಂಕ ಕೊಟ್ಟರೆ ಮುಂದಿನ ವರ್ಷ ಎಲ್ಲರೂ ಭಾಷಣಕಾರರಾಗಿ ಬರುತ್ತಾರೆ. ಹತ್ತು ಅಂಕವಿದ್ದರೆ ನಾನು ಹಂಚುವುದು ಹೀಗೆ: ಹಾಳೆ ಮತ್ತು ಪ್ರಶ್ನೆಗಳಿಗೆ ನಾಲ್ಕು, ನಡೆಸಿದ್ದಕ್ಕೆ ಎರಡು, ಚರ್ಚೆ ಮುಗಿದ ಒಂದು ವಾರದೊಳಗೆ ಬರೆದು ಕೊಡಬೇಕಾದ ಒಂದು ಪುಟಕ್ಕೆ ನಾಲ್ಕು. ಆ ಪುಟದಲ್ಲಿ ಹೇಳಬೇಕಾದದ್ದು, ಚರ್ಚೆಯಿಂದ ವರದಿಯಲ್ಲಿ ಏನು ಬದಲಾಯಿತು, ಬದಲಾಗದಿದ್ದರೆ ಏಕೆ ಇಲ್ಲ ಎನ್ನುವುದು. ಗಂಟು ಬಿಚ್ಚಲೇಬೇಕೆಂದಿಲ್ಲ.

ಆ ವಿದ್ಯಾರ್ಥಿನಿಯ ಪುಟ ನನ್ನ ಕಡತದಲ್ಲಿದೆ. ರೈತರು ಹೇಳಿದ್ದು ನೀರು ಎಷ್ಟು ಪಾಲಾಗಬೇಕು ಎನ್ನುವ ನಿಯಮ, ಅಜ್ಜಿ ಹೇಳಿದ್ದು ಆ ನಿಯಮವನ್ನು ಜಾರಿಗೆ ತರುವ ಅಧಿಕಾರ ಯಾರದು ಎನ್ನುವುದು, ಆದ್ದರಿಂದ ಎರಡೂ ನಿಜವಿರಬಹುದು ಎಂದು ತರಗತಿಯಲ್ಲಿ ಒಬ್ಬರು ತೋರಿಸಿಕೊಟ್ಟರು ಎಂದು ಬರೆದಿದ್ದಾಳೆ. ಮೂರನೆಯ ಅಧ್ಯಾಯ ಎರಡಾಯಿತು. ಪುಟದ ಕೊನೆಗೆ ಅದೇ ಪೆನ್ಸಿಲಿನಲ್ಲಿ ಮತ್ತೊಂದು ಸಾಲು: ‘ತೂಬು ಎತ್ತು ಎಂದ ಮೇಲೂ ಎತ್ತದ ವರ್ಷ ಯಾವುದಾದರೂ ಇತ್ತೇ? ಅಜ್ಜಿಯನ್ನು ಕೇಳಬೇಕು.’